ಜೀವನಾಂಶ ಯಾರ ಪಾಲು?

2022ರ ಆಗಮನ ಕಾಲದ ಮೊದಲ ವಾರ. ಸಂಜೆಯ ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೆ ಒಬ್ಬ ಯುವತಿ ಗುರುನಿವಾಸದ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ. ನಾಲ್ಕು ತಿಂಗಳ ಗರ್ಭಿಣಿ. ಮದುವೆಯಾಗಿರಲಿಲ್ಲ. ಆಗುತ್ತೇನೆಂದು ಮಾತು ಕೊಟ್ಟಿದ್ದವನು ಊರಿಗೆ ಹೋಗಿ ಆರು ವಾರಗಳಾಗಿದ್ದವು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ.

ಪಾಪನಿವೇದನೆಗೆ ಬಂದಿರಬಹುದೆಂದು ನಾನು ಎಣಿಸಿದೆ. ಸಮಾಧಾನದ ಕೆಲವು ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಆದರೆ ಅವಳು ಕುಳಿತುಕೊಂಡು ಕೈಚೀಲದಿಂದ ಒಂದು ನೋಟುಪುಸ್ತಕ ತೆಗೆದು ನನ್ನ ಮುಂದಿಟ್ಟಳು. ಅದರಲ್ಲಿ ಲೆಕ್ಕ ಬರೆದಿತ್ತು. ತಿಂಗಳಿಗೆ ಕೈಗೆ ಬರುವುದು 10,400. ಕೋಣೆಯ ಬಾಡಿಗೆ 3,500. ಊರಿನಲ್ಲಿರುವ ತಾಯಿಗೆ 2,500. ಚೀಟಿಗೆ 1,000. ಅಕ್ಕಿ, ಬೇಳೆ, ಗ್ಯಾಸು, ಬಸ್ಸು ಎಲ್ಲ ಸೇರಿ 2,500. ಉಳಿಯುವುದು 900. ಆ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದು, "ಮಗು" ಎಂದು ಬರೆದು, ಮುಂದೆ ಖಾಲಿ ಬಿಟ್ಟಿದ್ದಳು.

"ಫಾದರ್, ಇಲ್ಲಿ ಏನು ಬರೆಯಬೇಕೆಂದು ನನಗೆ ಗೊತ್ತಾಗುತ್ತಿಲ್ಲ" ಎಂದಳು.

ಆ ಖಾಲಿ ಜಾಗದಲ್ಲಿ ಏನು ಬರೆಯಬೇಕು, ಅದನ್ನು ಬರೆಯಬೇಕಾದವರು ಯಾರು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅವಳ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಈ ಪ್ರಸಂಗವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೇಜಿನ ಮೇಲಿನ ಅರವತ್ತು ಸಾವಿರ

ಹತ್ತು ದಿನಗಳ ನಂತರ ಆ ಯುವಕನನ್ನೂ ಅವನ ತಂದೆಯನ್ನೂ ಕರೆಸಿದೆವು. ಯುವಕ ತಲೆ ತಗ್ಗಿಸಿ ಕುಳಿತಿದ್ದ. ಮಗು ತನ್ನದೆಂಬುದನ್ನು ಅವನು ಅಲ್ಲಗಳೆಯಲಿಲ್ಲ. ಮಾತನಾಡಿದ್ದೆಲ್ಲ ತಂದೆಯೇ. ಕೆಟ್ಟ ಮನುಷ್ಯರಲ್ಲ, ಎರಡು ಎಕರೆ ಹೊಲವಿರುವ, ಮಗಳ ಮದುವೆ ಗೊತ್ತಾಗಿದ್ದ, ಊರಿನಲ್ಲಿ ಮಾತಿಗೆ ಬೆಲೆಯಿದ್ದ ಹಿರಿಯರು. "ಸ್ವಾಮಿ, ಆದದ್ದು ಆಗಿಹೋಯಿತು. ಅರವತ್ತು ಸಾವಿರ ತಂದಿದ್ದೇನೆ. ಇನ್ನು ಮುಂದೆ ಯಾವ ಸಂಬಂಧವೂ ಇಲ್ಲವೆಂದು ಒಂದು ಕಾಗದ ಬರೆಸಿಕೊಡಿ, ಮುಗಿಸಿಬಿಡೋಣ" ಎಂದು ಟವೆಲಿನಲ್ಲಿ ಸುತ್ತಿದ್ದ ಹಣವನ್ನು ಮೇಜಿನ ಮೇಲಿಟ್ಟರು.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ಹಣ ಕಂಡಾಗ ನನಗೆ ನೆಮ್ಮದಿಯೆನಿಸಿತು. ಹೆರಿಗೆಗೆ, ಬಾಣಂತನಕ್ಕೆ ಆದೀತು, ಗಲಾಟೆಯಿಲ್ಲದೆ ಮುಗಿದೀತು, ಧರ್ಮಕೇಂದ್ರದ ಹೆಸರೂ ಕೆಡದು. "ತೆಗೆದುಕೋ ಅಮ್ಮಾ" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಆ ಯುವತಿ ಎದ್ದು ನಿಂತು, "ಇವರ ಒಂದು ಕಾಸೂ ನನಗೆ ಬೇಡ ಫಾದರ್. ನನ್ನ ಮಗುವನ್ನು ನಾನೇ ಸಾಕುತ್ತೇನೆ" ಎಂದಳು. ಅವಳ ಸ್ವಾಭಿಮಾನವನ್ನು ನಾನು ಮನಸಾರೆ ಮೆಚ್ಚಿದೆ.

ನಮ್ಮ ಜೊತೆ ಕುಳಿತಿದ್ದ ಹಿರಿಯ ಧರ್ಮಭಗಿನಿಯೊಬ್ಬರು ಮಾತ್ರ ಮೆಚ್ಚಲಿಲ್ಲ. ಅವರು ಆ ಹುಡುಗಿಯ ಕೈ ಹಿಡಿದು ಕೂರಿಸಿ ಮೆಲ್ಲನೆ ಕೇಳಿದರು: "ಬೇಡ ಎನ್ನುವುದಕ್ಕೆ ಅದು ನಿನ್ನದೇನಮ್ಮಾ?" ಬಳಿಕ ಹಿರಿಯರ ಕಡೆ ತಿರುಗಿ, "ಮುಗಿಸಿಬಿಡೋಣ ಅನ್ನುವುದಕ್ಕೆ ಇದು ನಿಮ್ಮ ಲೆಕ್ಕವೇನಪ್ಪಾ?" ಎಂದರು. ಆಮೇಲೆ ಅದೇ ನೋಟುಪುಸ್ತಕದಲ್ಲಿ ಒಂದು ಭಾಗಾಕಾರ ಮಾಡಿ ತೋರಿಸಿದರು. ಮಗು ಪ್ರಾಯಕ್ಕೆ ಬರಲು 18 ವರ್ಷ, ಅಂದರೆ 216 ತಿಂಗಳು. 60,000ವನ್ನು ಹಂಚಿದರೆ ತಿಂಗಳಿಗೆ 278 ರೂಪಾಯಿ. ದಿನಕ್ಕೆ ಒಂಬತ್ತು. ಅರ್ಧ ಲೀಟರ್ ಹಾಲಿಗೂ ಸಾಲದು.

ಆ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಹಿರಿಯರು ತಮ್ಮ ಮರ್ಯಾದೆಯ ಬಗ್ಗೆ ಯೋಚಿಸಿದ್ದರು. ಯುವತಿ ತನ್ನ ಸ್ವಾಭಿಮಾನದ ಬಗ್ಗೆ. ನಾನು ಧರ್ಮಕೇಂದ್ರದ ಶಾಂತಿಯ ಬಗ್ಗೆ. ಯಾರ ಅನ್ನದ ಮಾತು ನಡೆಯುತ್ತಿತ್ತೋ ಅದರ ಪರವಾಗಿ ಮಾತನಾಡಿದವರು ಆ ಸಹೋದರಿಯೊಬ್ಬರೇ.

ಬೆಲೆಯಲ್ಲ, ದಂಡವಲ್ಲ, ದಾನವಲ್ಲ

ಇಂಥ ಸಂದರ್ಭಗಳಲ್ಲಿ ತಂದೆ ಕೊಡುವ ಹಣವನ್ನು ನಾವು ಸಾಮಾನ್ಯವಾಗಿ ಮೂರು ರೀತಿಯಲ್ಲಿ ತಪ್ಪಾಗಿ ತಿಳಿಯುತ್ತೇವೆ. ಕೆಲವರಿಗೆ ಅದು ಬೆಲೆ: ಇಷ್ಟು ಕೊಟ್ಟರೆ ಬಿಡುಗಡೆಯನ್ನು ಕೊಂಡಂತೆ. ಕೆಲವರಿಗೆ ದಂಡ: ತಪ್ಪು ಮಾಡಿದ್ದಾನೆ, ಕಟ್ಟಲಿ. ಇನ್ನು ಕೆಲವರಿಗೆ ದಾನ: ಪಾಪ, ಒಳ್ಳೆಯ ಮನೆತನ, ಏನೋ ಕೊಟ್ಟರು. ಬೆಲೆಯಾದರೆ ಚೌಕಾಸಿ ಮಾಡಬಹುದು. ದಂಡವಾದರೆ ಒಮ್ಮೆ ತೆತ್ತು ಮುಗಿಸಬಹುದು. ದಾನವಾದರೆ ಕೊಟ್ಟಷ್ಟಕ್ಕೆ ಕೈಮುಗಿಯಬೇಕು. ಬೇಡವೆಂದು ಹಿಂದಿರುಗಿಸುವ ಸ್ವಾತಂತ್ರ್ಯವೂ ಇರುತ್ತದೆ.

ಕನ್ನಡದ ಪದವೇ ನಮಗೆ ಬೇರೆಯದನ್ನು ಹೇಳುತ್ತದೆ. ನ್ಯಾಯಾಲಯದ ಭಾಷೆಯಲ್ಲಿ ಅದು ಜೀವನಾಂಶ. ಅಂಶವೆಂದರೆ ಪಾಲು. ತಂದೆಯ ದುಡಿಮೆಯಲ್ಲಿ ಮಗುವಿಗೆ ಹುಟ್ಟಿನಿಂದಲೇ ಸೇರಬೇಕಾದ ಪಾಲು. ಪಾಲನ್ನು ಯಾರೂ ದಾನ ಮಾಡುವುದಿಲ್ಲ, ಒಪ್ಪಿಸುತ್ತಾರೆ. ತಾಯಿ ಅದನ್ನು ಕೇಳಿದಾಗ ಬೇಡುತ್ತಿಲ್ಲ. ಮಗುವಿನ ಪರವಾಗಿ ವಸೂಲು ಮಾಡುತ್ತಿದ್ದಾಳೆ. ಅವಳು ಬೇಡವೆಂದಾಗ ತ್ಯಾಗ ಮಾಡುತ್ತಿರುವುದೂ ತನ್ನ ಪಾಲನ್ನಲ್ಲ, ಮಗುವಿನ ಪಾಲನ್ನು.

ಇದು ಹೊಸ ಕಾಲದ ಹಕ್ಕಿನ ಮಾತೆಂದು ಕೆಲವರು ಎಣಿಸಬಹುದು. ಹಾಗಲ್ಲ. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಪ್ರಾಣಿಗಳ ಮರಿಗಳಿಗೂ ಮನುಷ್ಯನ ಕೂಸಿಗೂ ಇರುವ ವ್ಯತ್ಯಾಸವನ್ನು ಎತ್ತಿ ತೋರಿಸಿ, ಮನುಷ್ಯನ ಮಗುವಿಗೆ ಪೋಷಣೆಯೂ ಶಿಕ್ಷಣವೂ ಬಹುಕಾಲ ಬೇಕಾದುದರಿಂದ ತಂದೆಯು ತಾಯಿಯೊಡನೆ ಇರುವುದು ಮನುಷ್ಯ ಸ್ವಭಾವಕ್ಕೇ ಸೇರಿದ್ದೆಂದು ವಾದಿಸಿದರು. ಅವರಿಗೂ ಮೊದಲೇ, 12ನೇ ಶತಮಾನದ ಕೊನೆಯಲ್ಲಿ, ಪೋಪ್ ಮೂರನೇ ಕ್ಲೆಮೆಂಟರ ಒಂದು ತೀರ್ಪು ಧರ್ಮಸಭೆಯ ಕಾನೂನಿನಲ್ಲಿ ಸೇರಿತು. ವಿವಾಹದ ಹೊರಗೆ ಹುಟ್ಟಿದ ಮಕ್ಕಳಿಗೂ ಹೆತ್ತವರು ತಮ್ಮ ಶಕ್ತಿಗೆ ತಕ್ಕಂತೆ ಬದುಕಿಗೆ ಬೇಕಾದುದನ್ನು ಒದಗಿಸಬೇಕೆಂಬುದು ಅದರ ಸಾರ. ಮಧ್ಯಯುಗದ ಇಂಗ್ಲೆಂಡಿನಲ್ಲಿ ರಾಜನ ಕಾನೂನು ಇಂಥ ಮಗುವನ್ನು "ಯಾರ ಮಗುವೂ ಅಲ್ಲ" ಎಂದು ಪರಿಗಣಿಸುತ್ತಿದ್ದ ಕಾಲದಲ್ಲಿ, ಧರ್ಮಸಭೆಯ ನ್ಯಾಯಾಲಯಗಳು ತಂದೆಯನ್ನು ಕರೆಸಿ ಖರ್ಚು ಕೊಡಿಸುತ್ತಿದ್ದವು. ಆ ಪರಂಪರೆಗೆ ಸೇರಿದ ನಾನು ಅಂದು ಮೇಜಿನ ಮೇಲಿನ ಹಣ ನೋಡಿ ನೆಮ್ಮದಿಪಟ್ಟೆನಲ್ಲಾ ಎಂದು ಈಗಲೂ ನಾಚಿಕೆಯಾಗುತ್ತದೆ.

ತಿತ್ತಿಯ ನೀರು ಮುಗಿದಾಗ

ಪವಿತ್ರ ಗ್ರಂಥದಲ್ಲಿ ಇಂಥ ಒಂದು "ಮುಗಿಸಿಬಿಡುವ" ಏರ್ಪಾಡು ಬರುತ್ತದೆ. ಆದಿಕಾಂಡದ 21ನೆಯ ಅಧ್ಯಾಯದಲ್ಲಿ ಅಬ್ರಹಾಮನು ಹಾಗಾರಳನ್ನೂ ತನಗೆ ಅವಳಿಂದ ಹುಟ್ಟಿದ ಮಗನನ್ನೂ ಮನೆಯಿಂದ ಕಳುಹಿಸುತ್ತಾನೆ. ಕುರಿಮಂದೆ, ದನಕರು, ಬೆಳ್ಳಿಬಂಗಾರಗಳಿದ್ದ ಸಿರಿವಂತ ಅವನು. ಆದರೂ ಅವಳ ಹೆಗಲ ಮೇಲೆ ಇಟ್ಟದ್ದು ಸ್ವಲ್ಪ ರೊಟ್ಟಿ ಮತ್ತು ಒಂದು ತಿತ್ತಿ ನೀರು. ಅವನಿಗೆ ಮಗನ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ. ಮನಸ್ಸಿಗೆ ಬಹಳ ನೋವಾಯಿತೆಂದೇ ಗ್ರಂಥ ಹೇಳುತ್ತದೆ. ಆದರೆ ನೋವು ತಿತ್ತಿಯನ್ನು ತುಂಬಿಸುವುದಿಲ್ಲ. ಮರುಭೂಮಿಯಲ್ಲಿ ನೀರು ಮುಗಿಯಿತು. ತಾಯಿ ಮಗನನ್ನು ಒಂದು ಪೊದೆಯ ನೆರಳಲ್ಲಿ ಬಿಟ್ಟು, ಅವನು ಸಾಯುವುದನ್ನು ನೋಡಲಾರೆನೆಂದು ದೂರ ಹೋಗಿ ಕುಳಿತಳು. ಆಗ ದೇವರು ಆಲಿಸಿದ್ದು ಆ ಹುಡುಗನ ಕೂಗನ್ನು.

ಅಬ್ರಹಾಮನು ವಿಶ್ವಾಸಿಗಳ ಪಿತ. ದೇವರ ಅಪ್ಪಣೆಯ ಮೇರೆಗೇ ಅವರನ್ನು ಕಳುಹಿಸಿದನು. ಅವನನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಆದರೆ ಒಮ್ಮೆ ಕೊಟ್ಟು ಮುಗಿಸಿದ ತಿತ್ತಿ ಎಷ್ಟು ದೂರ ಬರುತ್ತದೆಂಬುದನ್ನು ಗ್ರಂಥ ಮುಚ್ಚಿಡದೆ ಹೇಳಿದೆ. ಮಗುವಿನ ಹಸಿವು ಒಮ್ಮೆಗೆ ಮುಗಿಯುವಂಥದ್ದಲ್ಲ. ಆದ್ದರಿಂದ ಅದರ ಋಣವೂ ಒಮ್ಮೆಗೆ ತೀರುವಂಥದ್ದಲ್ಲ.

"ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ?" ಎಂಬ ಗಾದೆಯನ್ನು ಇಂಥ ಮನೆಗಳಲ್ಲಿ ಬಹಳ ಸಲ ಕೇಳಿದ್ದೇನೆ. ಹಸಿದವರು ಅದನ್ನು ಹೇಳಿದರೆ ಅದು ವಿಶ್ವಾಸ. ಜೇಬು ಮುಚ್ಚಿಕೊಂಡವರು ಹೇಳಿದರೆ ಅದು ಜಾರಿಕೊಳ್ಳುವ ದಾರಿ. "ಮಾಡಿದ್ದುಣ್ಣೋ ಮಹರಾಯ" ಎಂದೂ ಹೇಳುತ್ತೇವೆ. ಇಲ್ಲಿ ಮಾಡಿದವರು ಇಬ್ಬರು. ಉಣ್ಣದೆ ಉಳಿಯುವುದು ಮೂರನೆಯ ಜೀವ.

ನೆಲದ ಕಾನೂನು

ಜೀವನಾಂಶದ ವಿಷಯದಲ್ಲಿ ನಮ್ಮ ದೇಶದ ಕಾನೂನು ನಮ್ಮ ಅನೇಕ ಮನೆಗಳಿಗಿಂತ ಉದಾರವಾಗಿದೆ. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೆಯ ವಿಧಿ, ಬಳಿಕ 1973ರ ಸಂಹಿತೆಯ 125ನೆಯ ವಿಧಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ವಿಧಿ, ಈ ಮೂರೂ ಹೇಳುವುದು ಒಂದನ್ನೇ: ಸ್ಥಿತಿವಂತನಾದ ತಂದೆ ತನ್ನ ಮಗುವನ್ನು, ಅದು ವಿವಾಹದಿಂದ ಹುಟ್ಟಿರಲಿ ಹುಟ್ಟದಿರಲಿ, ಪೋಷಿಸಲೇಬೇಕು. ಯಾವ ಧರ್ಮದವರಿಗೂ ಇದು ಅನ್ವಯಿಸುತ್ತದೆ. ಮಗುವಿನ ಈ ಹಕ್ಕನ್ನು ತಾಯಿ ಒಂದು ಕಾಗದದಲ್ಲಿ ಬರೆದುಕೊಟ್ಟು ಕಳೆದುಬಿಡಲಾರಳು. ಆ ಹಿರಿಯರು ಕೇಳಿದ ಕಾಗದವನ್ನು ನಾನು ಬರೆಸಿದ್ದರೂ ಅದು ಮಗುವಿನ ಹಕ್ಕನ್ನು ಕಟ್ಟಿಹಾಕುತ್ತಿರಲಿಲ್ಲ.

ಅರ್ಜಿಯನ್ನು ಸಲ್ಲಿಸುವುದು ಮಗು ಹುಟ್ಟಿದ ಮೇಲೆ. ತಾಯಿ ವಾಸಿಸುವ ಸ್ಥಳದ ನ್ಯಾಯಾಲಯದಲ್ಲೇ ಅದನ್ನು ಸಲ್ಲಿಸಬಹುದು. 2020ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀವನಾಂಶವನ್ನು ಅರ್ಜಿಯ ದಿನದಿಂದಲೇ ಲೆಕ್ಕ ಹಾಕಬೇಕೆಂದೂ, ಎರಡೂ ಕಡೆಯವರು ತಮ್ಮ ಆದಾಯ ಮತ್ತು ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕೆಂದೂ ಹೇಳಿತು. ಹೆಣ್ಣುಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ಮೂಲಕ ವಕೀಲರ ನೆರವು ಉಚಿತ. 15100 ಅದರ ಸಹಾಯವಾಣಿ. ಮುಂದೆ ತಂದೆ ಅಲ್ಲಗಳೆಯಬಹುದಾದ್ದರಿಂದ ಗರ್ಭಿಣಿಯಾಗಿರುವಾಗಲೇ ಸಂದೇಶಗಳು, ಛಾಯಾಚಿತ್ರಗಳು, ಆಸ್ಪತ್ರೆಯ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ವಿವೇಕ. ಸಿಟ್ಟಿನಲ್ಲಿ ಎಲ್ಲವನ್ನೂ ಅಳಿಸಿಹಾಕಿ ಆಮೇಲೆ ಮರುಗಿದವರನ್ನು ಕಂಡಿದ್ದೇನೆ.

ತಂದೆಯ ಹೆಸರಿಲ್ಲದೆ ಜನನ ಪತ್ರ ಸಿಗದೆಂಬ ಭಯ ಇನ್ನೂ ಹಲವರಲ್ಲಿದೆ. 2015ರ ಜುಲೈ 6ರಂದು ಸರ್ವೋಚ್ಚ ನ್ಯಾಯಾಲಯವು ಒಬ್ಬಂಟಿ ತಾಯಿಯ ಪ್ರಮಾಣಪತ್ರದ ಆಧಾರದ ಮೇಲೆ ಅದನ್ನು ಕೊಡಬೇಕೆಂದು ತೀರ್ಪಿತ್ತಿತು. ಆ ಪ್ರಕರಣದ ತಾಯಿ ಅವಿವಾಹಿತೆ, ಕ್ರೈಸ್ತಳು. ತನ್ನ ಉಳಿತಾಯಕ್ಕೂ ವಿಮೆಗೂ ಮಗನನ್ನು ನಾಮಿನಿ ಮಾಡಲು ಹೊರಟಾಗ, ತಂದೆಯ ಹೆಸರು ಹೇಳು ಇಲ್ಲವೇ ಪೋಷಕತ್ವದ ಪತ್ರ ತಾ ಎಂದರು. ಆ ಪತ್ರಕ್ಕಾಗಿ ಅವಳು ಕೆಳಗಿನ ನ್ಯಾಯಾಲಯದಿಂದ ದೆಹಲಿಯ ಸರ್ವೋಚ್ಚ ಪೀಠದವರೆಗೆ ಹೋಗಬೇಕಾಯಿತು. ಮಗನಿಗೆಂದು ಉಳಿಸಿದ ಹಣವನ್ನು ಮಗನ ಹೆಸರಿಗೆ ಬರೆಯುವುದಕ್ಕೇ ಇಷ್ಟು ದೂರ!

ಖಾಲಿ ಜಾಗವನ್ನು ತುಂಬುವ ಬಗೆ

ಜೀವನಾಂಶ ಬರುವವರೆಗೆ ಹೊಟ್ಟೆ ಕಾಯುವುದಿಲ್ಲ. ಆ ಸಹೋದರಿ ಯುವತಿಯೊಡನೆ ಕುಳಿತು ಲೆಕ್ಕವನ್ನು ಹೊಸದಾಗಿ ಬರೆಸಿದರು. ಅವಳು ಐದನೆಯ ತಿಂಗಳಲ್ಲಿ ಹೊಟ್ಟೆ ಕಾಣುವ ಮೊದಲೇ ಕೆಲಸ ಬಿಡಬೇಕೆಂದಿದ್ದಳು. "ನಾಚಿಕೆಗೆ ಸಂಬಳ ಬರುವುದಿಲ್ಲ" ಎಂದು ಸಹೋದರಿ ತಡೆದರು. ಅವಳ ಸಂಬಳದಲ್ಲಿ ಇ.ಎಸ್.ಐ. ವಂತಿಗೆ ಕಡಿತವಾಗುತ್ತಿತ್ತು. ಹೆರಿಗೆಗೆ ಮುಂಚಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನಗಳ ವಂತಿಗೆ ಸಂದಿದ್ದರೆ 26 ವಾರಗಳ ಕಾಲ ಪೂರ್ಣ ಸರಾಸರಿ ದಿನಗೂಲಿ ದೊರೆಯುತ್ತದೆ. ಆ ಸೌಲಭ್ಯ ಅವಳ ದುಡಿಮೆಗೆ ಸೇರಿದ್ದು, ಮದುವೆಗಲ್ಲ. ಇ.ಎಸ್.ಐ. ಇಲ್ಲದ ಮನೆಗೆಲಸದವರು, ಕೂಲಿಯವರು ಅಂಗನವಾಡಿಯಲ್ಲಿ ಹೆಸರು ಬರೆಸಿದರೆ ಪೌಷ್ಟಿಕ ಆಹಾರ ಸಿಗುತ್ತದೆ. ಅರ್ಹರಾದವರಿಗೆ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಉಂಟು. ಅದಕ್ಕೆ ಗಂಡನ ಆಧಾರ್ ಈಗ ಕಡ್ಡಾಯವಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ ಬೇಕಾದರೂ ಸಹ, 2011ರಿಂದ ಉಚಿತ. ತಾಯಿ ಕಾರ್ಡನ್ನು ಬೇಗ ಮಾಡಿಸಿದಷ್ಟೂ ಒಳ್ಳೆಯದು.

ಚೀಟಿಯನ್ನು ನಿಲ್ಲಿಸದೆ, ಹೆರಿಗೆಯ ತಿಂಗಳಿಗೆ ಎತ್ತುವಂತೆ ಮಾತನಾಡಿಕೊಂಡಳು. ಕೋಣೆಗೆ ಇನ್ನೊಬ್ಬ ಗೆಳತಿ ಸೇರಿದ್ದರಿಂದ ಬಾಡಿಗೆ ಅರ್ಧವಾಯಿತು. ಬಡ್ಡಿಯ ಸಾಲಕ್ಕೆ ಕೈ ಚಾಚಬಾರದೆಂಬುದು ಸಹೋದರಿಯ ಕಟ್ಟಪ್ಪಣೆಯಾಗಿತ್ತು. ಎಲ್ಲಕ್ಕಿಂತ ಕಷ್ಟವಾದದ್ದು ತಾಯಿಗೆ ನಿಜ ಹೇಳಿ, ಆರು ತಿಂಗಳು ಹಣ ಕಳುಹಿಸಲಾರೆನೆನ್ನುವುದು. ಆ ತಾಯಿ ಒಂದು ವಾರ ಮಾತು ಬಿಟ್ಟರು. ಎಂಟನೆಯ ದಿನ ರಾಗಿಹಿಟ್ಟು ಕಟ್ಟಿಕೊಂಡು ಬಸ್ಸು ಹತ್ತಿದರು.

ಕೆಲವು ಆಕ್ಷೇಪಗಳು

"ಹೀಗೆಲ್ಲ ಸಹಾಯ ಮಾಡಿದರೆ ತಪ್ಪಿಗೆ ಪ್ರೋತ್ಸಾಹ ಕೊಟ್ಟಂತಾಗದೇ?" ಎಂದು ಪಾಲನಾ ಸಮಿತಿಯ ಸದಸ್ಯರೊಬ್ಬರು ಕೇಳಿದರು. ಪ್ರಾಮಾಣಿಕ ಪ್ರಶ್ನೆಯೇ. ವಿವಾಹದ ಪಾವಿತ್ರ್ಯದ ಬಗ್ಗೆ ಧರ್ಮಸಭೆಯ ಬೋಧನೆಯನ್ನು ನಾನು ಒಂದು ಎಳೆಯಷ್ಟೂ ಸಡಿಲಿಸುವುದಿಲ್ಲ. ಆದರೆ ತಾಯಿಯನ್ನು ಹೊರಗಿಟ್ಟು ತಂದೆಯನ್ನು ಸುಮ್ಮನೆ ಬಿಟ್ಟರೆ ಯಾರಿಗೆ ಪ್ರೋತ್ಸಾಹ ಸಿಕ್ಕಂತಾಯಿತು? ನಡೆದುಬಿಡುವವನಿಗೆ ಏನೂ ಖರ್ಚಾಗದ ವ್ಯವಸ್ಥೆಯೇ ತಪ್ಪಿಗೆ ದೊಡ್ಡ ಪ್ರೋತ್ಸಾಹ.

"ಮದುವೆ ಮಾಡಿಸಿಬಿಡಿ" ಎಂದವರೂ ಇದ್ದರು. ಇಬ್ಬರೂ ಮನಸಾರೆ ಬಯಸಿದರೆ ಅದಕ್ಕಿಂತ ಸಂತೋಷವಿಲ್ಲ. ಆದರೆ ಬಲಾತ್ಕಾರದಿಂದ ಅಥವಾ ಗಂಭೀರ ಭಯದಿಂದ ಒಪ್ಪಿಸಿದ ವಿವಾಹ ಧರ್ಮಸಭೆಯ ಕಾನೂನಿನ ಪ್ರಕಾರ ವಿವಾಹವೇ ಅಲ್ಲ. ಗಂಡನಾಗುವುದು ಆಯ್ಕೆ. ಹುಟ್ಟಿಸಿದ ಮೇಲೆ ತಂದೆಯಾಗಿರುವುದು ಆಯ್ಕೆಯಲ್ಲ.

ಮೂರನೆಯದು ಆ ಯುವತಿಯದೇ ಭಯ: "ದುಡ್ಡು ತೆಗೆದುಕೊಂಡರೆ ನಾಳೆ ಮಗುವನ್ನೇ ಕೇಳಿದರೆ?" ಜೀವನಾಂಶ ಕೊಟ್ಟ ಮಾತ್ರಕ್ಕೆ ಮಗುವನ್ನು ಕೊಂಡಂತಾಗುವುದಿಲ್ಲ. ಮಗು ಯಾರ ಬಳಿ ಇರಬೇಕೆಂಬುದನ್ನು ನ್ಯಾಯಾಲಯ ಮಗುವಿನ ಹಿತವನ್ನು ನೋಡಿ ತೀರ್ಮಾನಿಸುತ್ತದೆ. ಆದರೆ ಹೊಡೆಯುವ, ಬೆದರಿಸುವ ಗಂಡಸಿನಿಂದ ದೂರವಿರಲು ಒಬ್ಬ ತಾಯಿ ಹಣವನ್ನೂ ಬಿಟ್ಟು ಮೌನವಾಗಿದ್ದರೆ ಅವಳನ್ನು ಯಾರೂ ದೂರಬಾರದು. ಪ್ರಾಣ ಮೊದಲು, ಪಾಲು ಆಮೇಲೆ. ಅಂಥವಳ ಮಗುವಿನ ಪಾಲನ್ನು ತುಂಬಬೇಕಾದವರು ನಾವು.

ನಾವು ಕೊಡಬೇಕಾದ್ದು

ನಮ್ಮ ಕೊಡುಗೆ ಹಣವೊಂದೇ ಅಲ್ಲ. 2023ರ ಡಿಸೆಂಬರ್‌ನಲ್ಲಿ ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತದ ಪೀಠವು ಡೊಮಿನಿಕನ್ ಗಣರಾಜ್ಯದ ಒಬ್ಬ ಧರ್ಮಾಧ್ಯಕ್ಷರಿಗೆ ಪತ್ರ ಬರೆಯಿತು. ಗುರುಗಳ ಮತ್ತು ಸಮುದಾಯದ ಮುಖಂಡರ ಕಠೋರತೆಗೆ ಹೆದರಿ ಒಬ್ಬಂಟಿ ತಾಯಂದಿರು ಪರಮಪ್ರಸಾದದಿಂದ ದೂರ ಉಳಿಯುತ್ತಿರುವುದೇ ಅದರ ವಿಷಯ. ಹೆದರಿಸುವವರ ಪಟ್ಟಿಯಲ್ಲಿ ಗುರುಗಳೂ ಇದ್ದಾರೆಂಬುದನ್ನು ಓದಿ ನಾನು ತುಸು ಹೊತ್ತು ಸುಮ್ಮನೆ ಕುಳಿತೆ. ಮಗುವನ್ನು ಉಳಿಸಿಕೊಳ್ಳಬೇಕೆಂದು ನಾವೇ ಬೋಧಿಸುತ್ತೇವೆ. ಉಳಿಸಿಕೊಂಡು ಬಂದವಳನ್ನು ಹಿಂದಿನ ಬೆಂಚಿಗೆ ನಾವೇ ತಳ್ಳುತ್ತೇವೆ.

2023ರ ಮೇ ತಿಂಗಳಲ್ಲಿ ಹೆಣ್ಣುಮಗು ಹುಟ್ಟಿತು. ಆಗಸ್ಟಿನಲ್ಲಿ ಜ್ಞಾನಸ್ನಾನ. ತಾಯಿ ಅವಿವಾಹಿತೆಯಾಗಿದ್ದರೆ, ತಂದೆ ಧರ್ಮಕೇಂದ್ರದ ಗುರು ಮತ್ತು ಇಬ್ಬರು ಸಾಕ್ಷಿಗಳ ಮುಂದೆ ತಾನೇ ಒಪ್ಪಿಕೊಂಡರೆ ಅವನ ಹೆಸರನ್ನು ದಾಖಲೆಯಲ್ಲಿ ಬರೆಯಲು ಧರ್ಮಸಭೆಯ ಕಾನೂನು ಅವಕಾಶ ಕೊಡುತ್ತದೆ. ಅವನು ಒಬ್ಬನೇ ಬಂದ. ತಂದೆಗೆ ಹೇಳದೆ ಬಂದಿದ್ದನೆಂದು ಆಮೇಲೆ ತಿಳಿಯಿತು. ಸಹಿ ಮಾಡುವಾಗ ಕೈ ನಡುಗುತ್ತಿತ್ತು. ಅವರು ಮದುವೆಯಾಗಲಿಲ್ಲ, ಆಗುವ ಸೂಚನೆಯೂ ಇಲ್ಲ. ನ್ಯಾಯಾಲಯಕ್ಕೆ ಹೋಗದೆಯೇ ತಿಂಗಳಿಗೆ 3,000 ಕೊಡಲು ಒಪ್ಪಿದ. ಎಲ್ಲ ತಿಂಗಳೂ ಸರಿಯಾಗಿ ಬಂದಿಲ್ಲ. ಎರಡು ಸಲ ವಕೀಲರಿಂದ ಪತ್ರ ಹೋಗಬೇಕಾಯಿತು. ಆದರೂ ಬರುತ್ತಿದೆ, ಕೈಗಲ್ಲ, ಬ್ಯಾಂಕಿಗೆ, ಲೆಕ್ಕ ಉಳಿಯುವಂತೆ.

ಕಳೆದ ತಿಂಗಳು ಅವಳು ಅದೇ ನೋಟುಪುಸ್ತಕವನ್ನು ತೋರಿಸಿದಳು. ಮಗಳ ಹೆಸರಿನಲ್ಲಿ ಬೇರೆ ಪುಟಗಳಿವೆ. ಅವನಿಂದ ಬಂದದ್ದು ಒಂದು ಕಡೆ, ಖರ್ಚಾದದ್ದು ಇನ್ನೊಂದು ಕಡೆ. "ದೊಡ್ಡವಳಾದ ಮೇಲೆ ಇದನ್ನು ಅವಳ ಕೈಗೆ ಕೊಡುತ್ತೇನೆ ಫಾದರ್. ಅಪ್ಪ ಏನು ಕೊಟ್ಟ, ಅಮ್ಮ ಏನು ಮಾಡಿದಳು ಎಂದು ಅವಳೇ ನೋಡಲಿ" ಎಂದಳು.

ಪ್ರಿಯ ಓದುಗರೇ, ನಿಮ್ಮ ಮನೆಯ ಗಂಡುಮಗ ಇಂಥ ಒಂದು ಲೆಕ್ಕಕ್ಕೆ ಬಾಧ್ಯನಾಗಿದ್ದರೆ ಅವನನ್ನು ಬಚ್ಚಿಡಬೇಡಿ, ಕರೆದುಕೊಂಡು ಬನ್ನಿ. ನಿಮ್ಮ ಮನೆಯ ಹೆಣ್ಣುಮಗಳಾಗಿದ್ದರೆ ಬಾಗಿಲು ಮುಚ್ಚಬೇಡಿ. ಎರಡೂ ಅಲ್ಲದಿದ್ದರೆ, ಮುಂದಿನ ಭಾನುವಾರ ಕೂಸನ್ನೆತ್ತಿಕೊಂಡು ಒಬ್ಬಳೇ ಬರುವವಳಿಗೆ ನಿಮ್ಮ ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಕೊಡಿ.